‘ತಾಕ್ತು’ ಎನ್ನದೆ ಹೊಡೆದ ಏಟು

ತಿಗನಾರೆಯ ಸಿದ್ದಮಲ್ಲನ ಎಡಗಣ್ಣು ಆಟದಲ್ಲಿ ಹೋದದ್ದಲ್ಲ. ಅದನ್ನು ನಾನು ಒಡೆದೆ. ನಾನು ಸೋತ ಮೇಲೆ, ಅವನು ಕತ್ತಿ ಇಳಿಸಿ ನಿಂತಿದ್ದಾಗ, ಬೇಕೆಂದೇ ಒಡೆದೆ. ಆಮೇಲೆ ಕೇಳಿದವರಿಗೆ ಸುಳ್ಳು ಹೇಳಿದೆ.

ಇಷ್ಟನ್ನು ಬರೆಯಲು ನಾಲ್ಕು ಬೆಳಗು ಹಿಡಿಯಿತು. ದಿನವೂ ಐದೂವರೆಗೆ ಕೂತು, ಆರೂವರೆಗೆ ಎದ್ದೆ. ಮೊದಲ ಮೂರು ದಿನ ಹಾಳೆಯಲ್ಲಿ ಇದ್ದದ್ದೆಲ್ಲ ನೆಪಗಳು — ವಯಸ್ಸು, ಬಿಸಿರಕ್ತ, ಕಣ್ಣಿಗೆ ಇಳಿದ ಬೆವರು. ಹರಿದು ಹಾಕಿದೆ. ಬೆವರು ಇಳಿದಿರಲಿಲ್ಲ. ಚೆನ್ನಾಗಿ ಕಾಣುತ್ತಿತ್ತು.

ನನ್ನ ಹೆಸರು ನಂಜುಂಡಪ್ಪ. ವಯಸ್ಸು ಎಪ್ಪತ್ತೊಂದು. ತಮಿಳುನಾಡಿಗೆ ಸೇರಿದ ತಾಳವಾಡಿಯ ಈ ಬೆಟ್ಟದ ಸೀಮೆಯಲ್ಲಿ ಗರಡಿ ನಂಜುಂಡಪ್ಪ ಎಂದರೆ ಜೀರಹಳ್ಳಿಯಿಂದ ಗುಮಟಾಪುರದವರೆಗೆ ಯಾರಾದರೂ ಮನೆ ತೋರಿಸುತ್ತಾರೆ. ತಮಿಳು ಶಾಲೆಯಲ್ಲಿ ಓದಿದ ಹುಡುಗರ ಬಾಯಲ್ಲಿ ನಾನು ‘ವಾತ್ಯಾರ್’, ಅಂದರೆ ಮೇಷ್ಟ್ರು. ನಲವತ್ತೇಳು ವರ್ಷ ಕತ್ತಿವರಸೆ ಹೇಳಿಕೊಟ್ಟಿದ್ದೇನೆ. ಮರದ ಕತ್ತಿಯಲ್ಲಿ. ಉಕ್ಕಿನದನ್ನು ನಾವು ಪೂಜೆಗೆ ಮಾತ್ರ ಮುಟ್ಟುತ್ತೇವೆ.

ಮರದ ಕತ್ತಿ ಎಂದರೆ ಆಟಿಕೆ ಎಂದುಕೊಳ್ಳುವವರಿದ್ದಾರೆ. ದಿಂಡಿಗದ ಮರವನ್ನು ಒಂದು ವರ್ಷ ನೆರಳಿನಲ್ಲಿ ಒಣಗಿಸಿ, ಕೆತ್ತಿ, ಹರಳೆಣ್ಣೆ ಕುಡಿಸಿದ ಕತ್ತಿ ಮೂಳೆ ಮುರಿಯುತ್ತದೆ, ಹಲ್ಲು ಉದುರಿಸುತ್ತದೆ. ಅದಕ್ಕೇ ನಮ್ಮ ಗರಡಿಯಲ್ಲಿ ಗೆಲುವನ್ನು ಏಟಿನಿಂದ ಅಳೆಯುವುದಿಲ್ಲ. ಎದುರಾಳಿಯ ಮೈಗೆ ಕತ್ತಿ ತಾಕಿಸಬೇಕು, ತಾಕಿದ ಕ್ಷಣಕ್ಕೇ ತಡೆದು ಹಿಡಿಯಬೇಕು. ತಾಕಿಸಿಕೊಂಡವನು ತಾನೇ ‘ತಾಕ್ತು’ ಎಂದು ಎಲ್ಲರಿಗೂ ಕೇಳುವಂತೆ ಕೂಗಬೇಕು. ತಾಕಿಸಿದವನು ಬಾಯಿ ಬಿಡುವಂತಿಲ್ಲ. ‘ನಾನು ತಾಕಿಸಿದೆ’ ಎಂದವನು ಆಮೇಲೆ ಗರಡಿಯ ಹೊಸ್ತಿಲು ತುಳಿಯುವಂತಿಲ್ಲ. ಸೋತವನ ಮೇಲೆ ಕತ್ತಿ ಎತ್ತಿ ಹಿಡಿದಿರುವುದೂ ತಪ್ಪು. ತಾಕಿಸಿದ ತಕ್ಷಣ ತುದಿಯನ್ನು ಮಣ್ಣಿಗೆ ಊರಿ, ಎದುರಿನವನ ಮಾತಿಗೆ ಕಾದು ನಿಲ್ಲಬೇಕು. ನೋಡುವವರಿಗೆ ಅನುಮಾನ ಬಂದರೆ ಕೇಳುವುದೂ ತಾಕಿಸಿಕೊಂಡವನನ್ನೇ. ಅವನು ಏನೆಂದರೆ ಅದು.

ಗೆದ್ದವನ ಗೆಲುವು ಸೋತವನ ಬಾಯಲ್ಲಿರುವ ಆಟ ಇದು. ನಾನು ಆ ಬಾಯಿ ಮುಚ್ಚಿಕೊಂಡೆ.

ನಮಗೆ ಕಲಿಸಿದವರು ವಸ್ತಾದಿ ಪುಟ್ಟಮಾದಪ್ಪನವರು. ಹೊಡೆದೇ ಕಲಿಸಿದರು. ನಾನು ಹದಿಮೂರಕ್ಕೆ ಗರಡಿ ಸೇರಿದೆ. ಬೆಳಗ್ಗೆ ಐದಕ್ಕೆ ಕೆಮ್ಮಣ್ಣು ಜರಡಿ ಹಿಡಿದು, ಮಜ್ಜಿಗೆ ಚಿಮುಕಿಸಿ ಅಖಾಡ ಸಿದ್ಧ ಮಾಡಬೇಕು. ನೂರು ಬಸ್ಕಿ, ಐವತ್ತು ದಂಡ, ಆಮೇಲೆ ಎಡಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಬಲಗೈಯಲ್ಲಿ ಕತ್ತಿ ಬೀಸುವುದು. ಕೈಯಿಂದ ಕತ್ತಿ ಜಾರಿದರೆ ಬೆರಳ ಗೆಣ್ಣಿನ ಮೇಲೆ ಏಟು. ಜಾರಿದ ಕತ್ತಿಗೆ ಬಗ್ಗಿದರೆ ಬೆನ್ನ ಮೇಲೆ ಇನ್ನೊಂದು. ಉಣ್ಣುತ್ತ ಕೂತಿದ್ದಾಗ ಹಿಂದಿನಿಂದ ಬಂದು ಕಿವಿಗೆ ಬಾರಿಸುತ್ತಿದ್ದರು — ಮೈಯೆಲ್ಲ ಕಣ್ಣಾಗಿರಬೇಕು ಎಂದು. ನನ್ನ ಬಲಗೈಯ ಎರಡು ಬೆರಳು ಇಂದಿಗೂ ನೆಟ್ಟಗಿಲ್ಲ. ನಾನು ಒಂದು ದಿನವೂ ಅಳಲಿಲ್ಲ. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಅಮ್ಮ ತೀರಿಕೊಂಡ ಮರುದಿನವೂ ಐದಕ್ಕೆ ಅಲ್ಲಿದ್ದೆ.

ಸಿದ್ದಮಲ್ಲ ಬರುತ್ತಿದ್ದದ್ದು ಆರೂಕಾಲಿಗೆ. ಕೆಲವು ದಿನ ಬರುತ್ತಲೇ ಇರಲಿಲ್ಲ. ವಸ್ತಾದಿ ಹೊಡೆದರೆ ನಗುತ್ತಿದ್ದ, ಇನ್ನೂ ಎರಡು ಹೊಡೆಸಿಕೊಳ್ಳುತ್ತಿದ್ದ. ನನ್ನನ್ನು ಕಂಡರೆ ಅವನಿಗೆ ತಮಾಷೆ.

“ಲೇ ನಂಜ, ಕೋಳಿ ಕೂಗಕ್ ಮುಂಚ ಎದ್ದು ಕೋಳಿನೇ ಎಬ್ಬುಸ್ತೀಯಲ್ಲ ಕಣ್ಲಾ! ಒಂದಿನ ಮನಿಕ್ಕಂಡ್ ನೋಡು. ಕತ್ತಿ ಅದ್ರಷ್ಟಕ್ಕ ಅದೇ ಆಡ್ತದ.”

ಅವನ ಕತ್ತಿ ನಿಜವಾಗಿ ಹಾಗೆಯೇ ಆಡುತ್ತಿತ್ತು. ಅದನ್ನು ಬರೆಯುವುದು ಈಗಲೂ ಕಷ್ಟ. ನಾನು ಎಣಿಸಿ ಎಣಿಸಿ ಕಲಿತದ್ದು ಅವನಿಗೆ ನಿದ್ದೆಯಿಂದ ಎದ್ದು ಬರುವಾಗಲೇ ಬರುತ್ತಿತ್ತು. ಪೂರ್ತಿ ವೇಗದಲ್ಲಿ ಬೀಸಿದ ಕತ್ತಿಯನ್ನು ಚರ್ಮದ ಮೇಲೆ ಇರುವೆ ಹತ್ತಿದಷ್ಟು ಹಗುರವಾಗಿ ನಿಲ್ಲಿಸುತ್ತಿದ್ದ. ಬೇರೆ ಯಾರಿಗೂ ಅದು ಸಾಧ್ಯವಾಗಲಿಲ್ಲ. ನಲವತ್ತೇಳು ವರ್ಷ ಕಲಿಸಿದ ನನಗೂ —

ನಮಗಿಬ್ಬರಿಗೂ ಇಪ್ಪತ್ತನಾಲ್ಕಾದ ವರ್ಷ ವಸ್ತಾದಿಯ ಮೊಣಕಾಲು ಕೈಕೊಟ್ಟಿತು. ಎಲ್ಲರನ್ನೂ ಕೂರಿಸಿ ಹೇಳಿದರು: “ನನ್ ಕಾಲು ಇನ್ನ ಬಗ್ಗಾಕಿಲ್ಲ. ನಂಜ, ಸಿದ್ದ, ಇಬ್ರೂ ಆಡಿ. ಗೆದ್ದೋನ್ಗ ಗರಡಿ.”

ನನಗೆ ಬೇರೇನೂ ಬೇಡವಾಗಿತ್ತು. ಹೊಲವಿತ್ತು, ಮನೆಯಿತ್ತು. ಆ ಹದಿನೆಂಟು ಅಡಿ ಕೆಂಪು ಮಣ್ಣು ಮಾತ್ರ ಬೇಕಾಗಿತ್ತು. ಅದು ನನಗೆ ಸೇರಬೇಕಾದ್ದು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಆಡಿದ್ದು ಬೆಳಗಿನ ಎಂಟು ಗಂಟೆಗೆ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಅರವತ್ತು ಜನ ಸೇರಿದ್ದರು. ಎಲ್ಲರೂ ನನ್ನ ಬೆನ್ನ ಹಿಂದೆ ಮತ್ತು ಬಲಗಡೆ. ಎಡಗಡೆ ಗರಡಿಯ ಗೋಡೆ. ವಸ್ತಾದಿ ನನ್ನ ಬೆನ್ನ ಹಿಂದೆ ಕಲ್ಲಿನ ಮೇಲೆ ಕೂತಿದ್ದರು.

ಬಹಳ ಹೊತ್ತು ಆಡಿದೆವು. ನಾನು ಅವನ ಮಣಿಕಟ್ಟಿಗೆ, ಭುಜಕ್ಕೆ, ತೊಡೆಗೆ ಬೀಸಿದೆ. ಮೂರಕ್ಕೂ ಅವನ ಕತ್ತಿ ಅಡ್ಡ ಬಂತು. ನಾನು ತಡೆದು ಬೀಸುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಒಂದು ಏಟು ಅವನ ಕತ್ತಿಯ ಮೇಲಿಂದ ಜಾರಿ ಹೆಬ್ಬೆರಳ ಉಗುರು ಕಿತ್ತಿತು. ಅವನು ಬೆರಳನ್ನು ಬಾಯಿಗಿಟ್ಟು ಚೀಪಿ, ಉಗಿದು, “ಒಸಿ ಮೆಲ್ಲಗ ಕಣ್ಲಾ, ಮದ್ವಾಗ್ಬೇಕು ನಾನು” ಎಂದ. ಜನ ನಕ್ಕರು. ಜೀರಹಳ್ಳಿಯಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು. ಆ ನಗು ಕೇಳಿ ನನಗೆ ಬೆಂಕಿ ಹತ್ತಿತು. ಕತ್ತಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ನುಗ್ಗಿದೆ.

ಆಗ ತಾಕಿತು. ಎಡ ಪಕ್ಕೆಗೆ, ಕಂಕುಳಿನ ಕೆಳಗೆ. ಒಂದು ಇರುವೆ.

ಅವನು ಕತ್ತಿ ಹಿಂದಕ್ಕೆಳೆದ, ತುದಿಯನ್ನು ಮಣ್ಣಿಗೆ ಊರಿದ, ನನ್ನ ಬಾಯಿ ನೋಡಿದ. ಅವನ ಮುಖದಲ್ಲಿ ಹೆಮ್ಮೆ ಇರಲಿಲ್ಲ. ಇದ್ದಿದ್ದರೆ — ಇಲ್ಲ, ಇದ್ದಿದ್ದರೂ ಬದಲಾಗುತ್ತಿರಲಿಲ್ಲ. ನನ್ನ ಕತ್ತಿ ಇನ್ನೂ ಮೇಲೆಯೇ ಇತ್ತು. ನನ್ನ ಮೈ ಅಡ್ಡವಿದ್ದದ್ದರಿಂದ ಯಾರೂ ಕಂಡಿಲ್ಲ ಎಂದು ಹೊಳೆಯಿತು. ಎರಡು ಉಸಿರಿನಷ್ಟು ಹೊತ್ತು ಅವನು ಕಾದ. ಎರಡು ಉಸಿರು ಬಹಳ ದೀರ್ಘ. ಅಷ್ಟರಲ್ಲಿ ಮನುಷ್ಯ ಏನು ಬೇಕಾದರೂ ಯೋಚಿಸಬಹುದು. ನಾನು ಯೋಚಿಸಿದೆ. ಯೋಚಿಸಿಯೇ ಹೊಡೆದೆ.

ಕತ್ತಿಯ ಮೊನೆ ಅವನ ಎಡಗಣ್ಣಿಗೆ ಇಳಿಯಿತು. ಒದ್ದೆಯಾದ ಸದ್ದು. ಮರದ ಮೂಲಕ ಅದು ನನ್ನ ಅಂಗೈಗೆ ಬಂತು. ಅವನು ಕಿರುಚಲಿಲ್ಲ. ಕೂತುಕೊಂಡ. ಕೈಯಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ರಕ್ತ, ರಕ್ತಕ್ಕಿಂತ ತೆಳ್ಳಗಿನದೂ ಏನೋ ಇಳಿದು ಮೊಣಕೈಯಿಂದ ತೊಟ್ಟಿಕ್ಕಿತು. ಕೆಮ್ಮಣ್ಣಿನ ಮೇಲೆ ರಕ್ತ ಕೆಂಪಾಗಿ ಕಾಣುವುದಿಲ್ಲ, ಕಪ್ಪಾಗಿ ಕಾಣುತ್ತದೆ.

ಜನರೆಲ್ಲ ಒಮ್ಮೆಗೇ ಕೂಗಾಡಿದರು. “ಅಯ್ಯೋ, ಕತ್ತಿ ಯಾಕ್ಲಾ ಇಳ್ಸುದ್ಯೋ?” ಎಂದು, ‘ತಾಕ್ತು’ ಕೇಳದವರು ಅವನನ್ನೇ ಬೈದರು. ವಸ್ತಾದಿ ಕೋಲೂರಿ ಎದ್ದು ಬಂದರು. ಸಿದ್ದಮಲ್ಲನ ಕೈ ಬಿಡಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ತಾಕ್ತೇನ್ಲಾ ನಂಜ?”

“ಇಲ್ಲ ಗುರುವೇ. ಅಂವ್ನೇ ಕತ್ತಿ ಇಳ್ಸುದ.”

“ಇನ್ನೊಂದ್ಸಲ ಕೇಳ್ತಿನಿ. ನಿನ್ ಮೈಗ ತಾಕ್ತೇನ್ಲಾ?”

“ಇಲ್ಲ.”

ಸಿದ್ದಮಲ್ಲ ಕೆಳಗೆ ಕೂತಿದ್ದವನು ತಲೆ ಎತ್ತಿದ. ಉಳಿದ ಒಂದು ಕಣ್ಣಿನಿಂದ ನೋಡಿದ. ಅವನು ಹೇಳಬಹುದಿತ್ತು. ಹೇಳಲಿಲ್ಲ. ತಾಕಿಸಿದವನು ಬಾಯಿ ಬಿಡುವಂತಿಲ್ಲ — ದಿನವೂ ತಡವಾಗಿ ಬರುತ್ತಿದ್ದ, ವಸ್ತಾದಿಯ ಯಾವ ಮಾತನ್ನೂ ಕೇಳದ ಸಿದ್ದಮಲ್ಲ ಆ ಒಂದು ಮಾತನ್ನು ಕೇಳಿದ. ಒಂದು ದಿನವೂ ತಪ್ಪಿಸದ ನಾನು ಆ ಒಂದು ಮಾತನ್ನು ಮುರಿದೆ.

ವಸ್ತಾದಿ “ಸರಿ” ಎಂದರು. ಗರಡಿಯನ್ನು ನನಗೆ ಒಪ್ಪಿಸಿದರು. ಆಮೇಲೆ ಹನ್ನೆರಡು ವರ್ಷ ಬದುಕಿದ್ದರು. ನನ್ನ ಕೈಯಿಂದ ಒಂದು ಲೋಟ ನೀರು ತೆಗೆದುಕೊಳ್ಳಲಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು.

ಸಿದ್ದಮಲ್ಲನನ್ನು ಕೋಸಿನ ಲಾರಿಯಲ್ಲಿ ಚಾಮರಾಜನಗರಕ್ಕೆ ಕರೆದೊಯ್ದರು. ಕಣ್ಣು ತೆಗೆದು ಕಳಿಸಿದರು. ಅವನು ಊರಿಗೆ ಮರಳಿದ ಮೂರನೆಯ ದಿನ ನಾನು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ತಿಗನಾರೆಗೆ ಹೋದೆ. ಹೋಗದಿದ್ದರೆ ಜನ ಏನಾದರೂ ಅಂದುಕೊಂಡಾರು ಎಂದು ಹೋದೆ, ಬೇರೆ ಕಾರಣವಿಲ್ಲ.

ಅಂಗಳದಲ್ಲಿ ಅವನ ಅಪ್ಪ ಮರಿಮಾದಪ್ಪ ಅವನನ್ನು ಗಾಡಿಯ ಮೂಕಿಗೆ ಕಟ್ಟಿದ್ದ. ಕೈಯಲ್ಲಿ ಎತ್ತು ಹೊಡೆಯುವ ಬಾರುಕೋಲು. ಮಗನ ತಲೆಗೆ ಸುತ್ತಿದ್ದ ಬಟ್ಟೆ ಜಾರಿ ಕುತ್ತಿಗೆಗೆ ಬಂದಿತ್ತು.

“ಅರವತ್ ಜನದ್ ಮುಂದ ಕತ್ತಿ ಇಳ್ಸುದ್ಯಾ? ಗಂಡ್ಸೇನ್ಲಾ ನೀನು? ಎಣ್ಣಿನ್ ಕಡೇರು ಬ್ಯಾಡ ಅಂದ್ರು. ಸಂತಗ ಓದ್ರ ಉಗೀತಾರ. ಯಾಕ್ ಇಳ್ಸುದೆ? ಬಾಯಿ ಬುಡ್ಲಾ!”

ಒಂದೊಂದು ಮಾತಿಗೂ ಒಂದೊಂದು ಏಟು. ಚರ್ಮ ಎದ್ದು ಬರುತ್ತಿತ್ತು. ನನಗೆ ಎಣಿಸುವ ಅಭ್ಯಾಸ, ಹದಿನಾರು. ಸಿದ್ದಮಲ್ಲ ಬಾಯಿ ಬಿಡಲಿಲ್ಲ. ಒಂಬತ್ತನೆಯದಕ್ಕೋ ಹತ್ತನೆಯದಕ್ಕೋ ನನ್ನನ್ನು ಕಂಡ. ಬೇಲಿಯ ಈಚೆ ಬಾಳೆಹಣ್ಣು ಹಿಡಿದು ನಿಂತಿದ್ದೆ. ಅಲ್ಲಿಂದ ಒಂದು ಪದ ಕೂಗಿದ್ದರೆ ಬಾರುಕೋಲು ನಿಲ್ಲುತ್ತಿತ್ತು. ಕಣ್ಣು ಹೋಗಿತ್ತು, ನಿಜ. ಉಳಿದ ಏಳು ಏಟು ತಪ್ಪುತ್ತಿದ್ದವು. ಅವನಿಗೆ ಅಪ್ಪ ಉಳಿಯುತ್ತಿದ್ದ. ಆ ಮದುವೆ —

ಹಣ್ಣನ್ನು ಬೇಲಿಯ ಕಲ್ಲಿನ ಮೇಲಿಟ್ಟು ವಾಪಸು ಬಂದೆ.

ಅರವತ್ತು ಜನರ ಮುಂದೆ ಹೊಡೆದದ್ದಕ್ಕಿಂತ ಇದು ದೊಡ್ಡದು ಎಂದು ಈಗ ಅನ್ನಿಸುತ್ತದೆ. ಅಲ್ಲಿ ಎರಡು ಉಸಿರಿನಷ್ಟು ಸಮಯವಿತ್ತು. ಇಲ್ಲಿ ಹದಿನಾರು ಏಟಿನಷ್ಟು ಸಮಯವಿತ್ತು.

ಆಮೇಲೆ ಅವನಿಗೊಂದು ಹೆಸರು ಬಂತು. ‘ಕತ್ತಿ ಇಳ್ಸಿದೋನು.’ ಮೊದಲು ಗರಡಿಯ ಹುಡುಗರು ಅಂದರು, ಆಮೇಲೆ ಸಂತೆಯಲ್ಲಿ ಅಂದರು, ಕಡೆಗೆ ಅದೇ ಮನೆಯ ಹೆಸರಾಯಿತು — ಕತ್ತಿ ಇಳ್ಸಿದೋರ ಮನೆ. ಅವನಿಗೆ ನಾಲ್ಕು ವರ್ಷ ತಡವಾಗಿ, ಬೆಟ್ಟದ ಆಚೆಯಿಂದ ಮಾದೇವಿ ಎಂಬ ಹೆಣ್ಣು ತಂದರು. ಒಂದು ಸಂಜೆ ಜೋಳದ ಹೊಲದಲ್ಲಿ ಕಾಡುಹಂದಿ ಅವನ ಎಡಗಡೆಯಿಂದ ಬಂತು. ಆ ಕಣ್ಣಿದ್ದಿದ್ದರೆ ಕಂಡು ಬದು ಹತ್ತಿಕೊಳ್ಳುತ್ತಿದ್ದ. ಹಂದಿ ಮೊಣಕಾಲಿನಿಂದ ತೊಡೆಯ ಮೇಲಿನವರೆಗೆ ಸೀಳಿ, ತಿರುಗಿ ಬಂದು ಇನ್ನೊಮ್ಮೆ ಸೀಳಿತು. ಅಂದಿನಿಂದ ಅವನು ಕುಂಟುತ್ತಾನೆ. ಸುದ್ದಿ ಬಂದಾಗ ನಾನು ಗರಡಿಯಲ್ಲಿ ದಂಡ ಎಣಿಸುತ್ತಿದ್ದೆ. ಎಣಿಕೆ ತಪ್ಪಲಿಲ್ಲ.

ನಾನು ಒಳ್ಳೆಯ ಗುರು ಎಂದು ಹೆಸರಾದೆ. ಒಂದು ವಿಷಯದಲ್ಲಿ ಮಾತ್ರ ಕ್ರೂರಿ ಎಂದೂ ಹೆಸರಾದೆ. ತಾಕಿದ್ದನ್ನು ಹೇಳದವನನ್ನು ನಾನು ಸಹಿಸುತ್ತಿರಲಿಲ್ಲ. ಅಂಥವನ ಬೆರಳು ಕಲ್ಲಿನ ಮೇಲಿಡಿಸಿ ಹೊಡೆದಿದ್ದೇನೆ. ಒಬ್ಬನ ಮುಂದಿನ ಹಲ್ಲು ನನ್ನ ಕತ್ತಿಯ ಹಿಡಿಯಿಂದ ಹೋಯಿತು. ತಂದೆತಾಯಿಗಳು ಬಂದು “ಸತ್ಯ ಕಲುಸ್ತಾವ್ರ ನಮ್ ವಾತ್ಯಾರು” ಎಂದು ಕೈಮುಗಿದು ಹೋಗುತ್ತಿದ್ದರು. ಶಿಸ್ತು ಎಂದು ನಾನೂ ನಂಬಿದ್ದೆ. ಶಿಸ್ತಲ್ಲ ಅದು. ನನ್ನನ್ನು ಹೊಡೆಯಲು ನನಗೆ ಕೈ ಬಾರದೆ ಸಿಕ್ಕಿದವರನ್ನು ಹೊಡೆಯುತ್ತಿದ್ದೆ.

ಮೊನ್ನೆ ಜೋಳ ಕೊಯ್ಯುವ ಕಾಲದಲ್ಲಿ ನನ್ನ ಈ ಸಿಟ್ಟು ರೇವಣ್ಣನ ಮೇಲೆ ಬಂತು. ರೇವಣ್ಣ ಇಪ್ಪತ್ತಾರರವನು, ತರಕಾರಿಯ ಮಿನಿ ಲಾರಿ ಓಡಿಸುತ್ತಾನೆ. ಗರಡಿಯಲ್ಲಿ ಈಗ ಅವನೇ ಮೇಲು. ಬೆಳಗಿನ ಆಟದಲ್ಲಿ ಅವನ ಭುಜಕ್ಕೆ ಕತ್ತಿ ತಾಕಿದ್ದನ್ನು ಕಂಡೆ. ಅವನು ಹೇಳಲಿಲ್ಲ. ಎದುರಿನವನು ಕತ್ತಿ ಊರಿ ನಿಂತ. ರೇವಣ್ಣನ ಕತ್ತಿ ಇನ್ನೂ ಮೇಲಿತ್ತು.

ಅವನು ಹೊಡೆಯುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕಾಯಲಿಲ್ಲ. ಗೋಡೆಗೆ ತೂಗುಹಾಕಿದ್ದ ಮರದ ಕತ್ತಿ ಕಿತ್ತುಕೊಂಡು ಅವನ ಮಣಿಕಟ್ಟಿಗೆ ಬಾರಿಸಿದೆ. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಬಿದ್ದವನ ಬೆನ್ನಿಗೆ, ಪಕ್ಕೆಗೆ ಹೊಡೆದೆ. ನಾಲ್ವರು ಹಿಡಿದು ಎಳೆದರು.

“ಒಡೀಲಿ ಬುಡ್ರೋ!” ಎಂದ ರೇವಣ್ಣ, ಮಣ್ಣಲ್ಲಿ ಬಿದ್ದುಕೊಂಡೇ. “ವಾತ್ಯಾರೇ, ಎಲ್ಲಾರ್ ಮುಂದ ‘ತಾಕ್ತು’ ಅನ್ನದು ಎಷ್ಟ್ ಕಷ್ಟ ಅಂತ ನಿಮ್ಗೇನ್ ಗೊತ್ತು? ನಿಮ್ಗ ಯಾವತ್ತೂ ತಾಕೇ ಇಲ್ವಲ್ಲ!”

ಹುಡುಗರು ತಲೆ ತಗ್ಗಿಸಿದರು. ಅವರೆಲ್ಲ ಅದನ್ನು ನಿಜವೆಂದೇ ನಂಬಿದ್ದರು. ನನ್ನ ಕೈಯಿಂದ ಕತ್ತಿ ಜಾರಿತು.

ಮರುದಿನ ಬೆಳಗ್ಗೆ ಗರಡಿಗೆ ಹೋಗಲಿಲ್ಲ. ತಿಗನಾರೆಗೆ ಹೋದೆ.

ಸಿದ್ದಮಲ್ಲನೂ ಮಾದೇವಿಯೂ ಅಂಗಳದಲ್ಲಿ ಜೋಳದ ತೆನೆ ಬಡಿಯುತ್ತಿದ್ದರು. ಅವಳ ಕೈಯಲ್ಲಿ ದೊಣ್ಣೆ, ಅವನು ಉಳಿದ ಕಾಳನ್ನು ಬೆರಳಿಂದ ಬಿಡಿಸುತ್ತಿದ್ದ.

“ಓಹೋ, ವಾತ್ಯಾರು! ಬಾಪ್ಪ, ಕುಂತ್ಕ. ಮಾದೇವಿ, ಒಸಿ ಕಾಪಿ ಕಾಯ್ಸು.”

“ಕಾಪಿ ಬ್ಯಾಡ” ಎಂದೆ. ಕೂರಲಿಲ್ಲ. ಕೂತರೆ ಬೇರೆ ಮಾತು ಬರುತ್ತದೆ ಎಂದು ಹೆದರಿದ್ದೆ. “ಸಿದ್ದ, ಅವತ್ತು ನಂಗ ತಾಕ್ತು.”

ಅವನ ಬೆರಳು ನಿಲ್ಲಲಿಲ್ಲ.

“ಎಡ ಪಕ್ಕೆಗ. ಕಂಕುಳಿಂದ ನಾಕ್ ಬೆರಳು ಕೆಳಗ.”

“ಮೂರು” ಎಂದ ಸಿದ್ದಮಲ್ಲ. “ಮೂರು ಬೆರಳು ಕೆಳಗ. ನಾನ್ ತಾಕ್ಸಿದ್ದು ನಂಗ್ ಗೊತ್ತಿಲ್ವೇನ್ಲಾ?”

ಇನ್ನೊಂದು ತೆನೆ ಎತ್ತಿಕೊಂಡ. “ನಂಗ ಗೊತ್ತಿರೋದ್ನ ನಂಗೇ ಏಳಕ ಇಷ್ಟ್ ವರ್ಸ ಬೇಕಾಯ್ತಾ? ಗೊತ್ತಿಲ್ದೋರ್ಗ ಏಳು ಓಗು. ನಮ್ಮಪ್ಪನ್ಗ ಏಳು.”

ಮರಿಮಾದಪ್ಪ ಸತ್ತು ಇಪ್ಪತ್ತೆಂಟು ವರ್ಷ. ಹೊಲದ ಮೂಲೆಯಲ್ಲಿ ಅವನ ಸಮಾಧಿ ಇದೆ. ಸಾಯುವಾಗಲೂ ಈ ಮಗನ ಕೈಯಿಂದ ಬಾಯಿಗೆ ನೀರು ಬಿಡಿಸಿಕೊಳ್ಳಲಿಲ್ಲವೆಂದು ಆಗ ಕೇಳಿದ್ದೆ.

ಮಾದೇವಿ ದೊಣ್ಣೆ ಹಿಡಿದೇ ಎದ್ದು ನಿಂತಿದ್ದಳು. “ಏನಂದ್ಯಪ್ಪ? ಇನ್ನೊಂದ್ಸಲ ಏಳು.”

ಹೇಳಿದೆ. ಗಂಡ ಗೆದ್ದಿದ್ದ, ನಾನು ಸೋತಿದ್ದೆ, ಅವನು ನಿಯಮದಂತೆ ಕತ್ತಿ ಇಳಿಸಿದ್ದ, ನಾನು ಹೊಡೆದೆ. ವಸ್ತಾದಿಗೆ ಎರಡು ಸಲ ಸುಳ್ಳು ಹೇಳಿದೆ. ಬೇಲಿಯ ಹತ್ತಿರ ನಿಂತಿದ್ದದ್ದನ್ನೂ ಹೇಳಿದೆ.

ಮೊದಲ ಏಟು ಹೆಗಲಿಗೆ ಬಿತ್ತು. ನಾನು ಕೈ ಎತ್ತಲಿಲ್ಲ. ಐವತ್ತೆಂಟು ವರ್ಷ ಏಟು ತಡೆದ ಕೈ ತಾನಾಗಿಯೇ ಏಳುತ್ತದೆ. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ.

“ನನ್ ಮಗನ್ನ ಒಲದ್ ಬದುವಲ್ಲಿ ಉಗುದ್ರು, ಕತ್ತಿ ಇಳ್ಸಿದೋನ್ ಮಗ ಅಂತ!” ಎರಡನೆಯದು ಕಿವಿಗೆ. “ನನ್ ಮಗಳ್ಗ ಬಂದಿದ್ ಎಲ್ಡ್ ಗಂಡು ವಾಪಸ್ ಓದೋ! ನಾನೂ ಅಂದೀನಿ ಕಣೋ ಪಾಪಿ! ಜಗ್ಳ ಆದಾಗೆಲ್ಲ ಇದೇ ಬಾಯಲ್ಲಿ ಅಂದೀನಿ ಈ ದೇವ್ರಂತ ಮನ್ಸುನ್ಗ!” ಮೂರನೆಯದು ಹಣೆಗೆ. ಕಣ್ಣಿಗೆ ರಕ್ತ ಇಳಿದು ಅಂಗಳ ಕಾಣದಾಯಿತು. ಕೆಳಗೆ ಬಿದ್ದೆ. ಕಾಳಿನ ರಾಶಿಯ ಮೇಲೆ ಇನ್ನೆರಡು ಬಿದ್ದವು, ಒಂದು ಬೆನ್ನಿಗೆ, ಒಂದು ಮೊಣಕಾಲಿಗೆ.

“ಸಾಕು ಬುಡು ಮಾದೇವಿ” ಎಂದ ಸಿದ್ದಮಲ್ಲ, ಕೂತಲ್ಲಿಂದಲೇ. “ಅಂವ ಸತ್ರ ಊರ್ಗ ಏಳೋರ್ಯಾರು?”

ಅವಳು ಅವನ ಕಡೆ ತಿರುಗಿದಳು. “ನೀನ್ಯಾಕ ಏಳ್ನಿಲ್ಲ? ನಂಗಾದ್ರೂ ಏಳ್ಬೋದಿತ್ತಲ್ಲ? ಎಂಡ್ರಲ್ವ ನಾನು?”

“ನಾನ್ ಏಳಂಗಿರ್ನಿಲ್ಲ ಕಣ” ಎಂದ.

ಅಷ್ಟೇ. ಅವಳು ದೊಣ್ಣೆ ಬಿಸಾಕಿ ಅವನ ಪಕ್ಕ ಕುಕ್ಕರಿಸಿದಳು. ಹಂದಿ ಸೀಳಿದ್ದ ಅವನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ನನ್ನನ್ನು ಇಬ್ಬರೂ ಮರೆತರು. ಎದ್ದು, ಟವೆಲು ಹಣೆಗೆ ಒತ್ತಿ ಹಿಡಿದು, ನಡೆದು ಬಂದೆ. ಅವನು ಕ್ಷಮಿಸಿದನೇ ಎಂದು ಕೇಳಬೇಡಿ. ನಾನು ಕೇಳಲಿಲ್ಲ, ಅವನು ಕೊಡಲಿಲ್ಲ.

ಆ ಭಾನುವಾರ ಏಳು ಗಂಟೆಗೆ ಗರಡಿಯಲ್ಲಿ ಎಲ್ಲರನ್ನೂ ಸೇರಿಸಿದೆ. ಹುಡುಗರನ್ನು, ಅವರ ಅಪ್ಪಂದಿರನ್ನು, ಊರ ಹಿರಿಯರನ್ನು. ನಿಂತು ಹೇಳಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಒಬ್ಬ ಹಿರಿಯರು, “ಬುಡಿ ಅತ್ಲಾಗಿ, ಅಳೇದು. ಈಗ್ಯಾಕ ಕೆದುಕ್ತೀರಿ? ಗರಡಿ ಎಸ್ರು ಓಯ್ತದ” ಎಂದರು. ಕೈಗೆ ಕಟ್ಟು ಕಟ್ಟಿಸಿಕೊಂಡಿದ್ದ ರೇವಣ್ಣ ಎದ್ದ.

“ನನ್ ಕೈ ಮುರುದ್ರಲ್ಲ ವಾತ್ಯಾರೇ. ಯಾವ್ ಮೊಕ ಇಟ್ಕಂಡ್ ಮುರುದ್ರಿ?”

ಅವನು ಹೊರಗೆ ಹೋದ. ಅವನ ಹಿಂದೆ ಬಹಳ ಜನ ಹೋದರು. ಗರಡಿ ಬಿಟ್ಟೆ. ಮುಂದೆ ಅದನ್ನು ಯಾರು ನಡೆಸಬೇಕೆಂದು ಹೇಳುವ ಹಕ್ಕೂ ನನಗಿಲ್ಲವೆಂದು ಹಿರಿಯರಿಗೆ ತಿಳಿಸಿದೆ.

ಅಂದು ಅಖಾಡದ ಸುತ್ತ ನಿಂತಿದ್ದ ಅರವತ್ತು ಜನರಲ್ಲಿ ಬದುಕಿರುವವರು ಹತ್ತೊಂಬತ್ತು. ಪಟ್ಟಿ ಮಾಡಿದ್ದೇನೆ. ದಿನಕ್ಕೊಂದು ಮನೆ, ಬೆಳಗ್ಗೆ ಏಳಕ್ಕೆ. ಹನ್ನೊಂದು ಮುಗಿದಿವೆ. ಒಬ್ಬನಿಗೆ ನೆನಪೇ ಇರಲಿಲ್ಲ; ಒಬ್ಬ ಬಾಗಿಲು ಹಾಕಿಕೊಂಡ; ಗುಮಟಾಪುರದಲ್ಲಿ ಒಬ್ಬನಿಗೆ ಕಿವಿ ಕೇಳುವುದಿಲ್ಲ. ಅವನಿಗೆ ನಾಲ್ಕು ಸಲ ಕೂಗಿ ಹೇಳಬೇಕಾಯಿತು. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಒಳ್ಳೆಯದೇ ಆಯಿತು.

ಸತ್ತವರಿಗೆ ಹೇಳಲಾಗುವುದಿಲ್ಲ. ಮರಿಮಾದಪ್ಪನ ಸಮಾಧಿಯ ಮುಂದೆ ಹೋಗಿ ನಿಂತು ನೋಡಿದೆ. ಮಾತು ಬಾಯಿಗೆ ಬಂತು. ಆದರೆ ಕೇಳುವವನಿಲ್ಲದ ಕಡೆ ಹೇಳುವುದು ಸುಲಭ. ಹೇಳದೆ ಬಂದೆ. ಆ ತಂದೆ ಮಗನ ಮೇಲಿನ ಸಿಟ್ಟಿನಲ್ಲೇ ಮಣ್ಣಾದ. ಅದನ್ನು ಸರಿಮಾಡುವ ದಾರಿ ಇಲ್ಲ, ಇದೆ ಎಂದು ನಾನು ನಟಿಸುವುದಿಲ್ಲ.

ಉಳಿದದ್ದು ಒಂದು ಹೆಸರು. ಇದನ್ನು ಓದುವವರು ಈ ಸೀಮೆಯವರಾದರೆ ಒಂದು ಮಾತು. ಸಂತೆಯಲ್ಲಿ, ಬಸ್ಸಿನಲ್ಲಿ, ಹೊಲದ ಬದುವಿನಲ್ಲಿ, ಜಗಳದ ಸಿಟ್ಟಿನಲ್ಲೂ, ಸಿದ್ದಮಲ್ಲನ ಮನೆಯವರನ್ನು ಆ ಹೆಸರಿನಿಂದ ಕರೆಯಬೇಡಿ. ಬಾಯಿಗೆ ಅಭ್ಯಾಸವಾಗಿ ಬಂದೇಬಿಟ್ಟರೆ, ನಮ್ಮ ಮನೆಗೆ ಬನ್ನಿ. ಅಂಗಳದಲ್ಲಿ ನಿಂತು, ಕತ್ತಿ ಇಳಿಸಿದವನನ್ನು ಹೊಡೆದೋನು ಯಾರು ಎಂದು ಕೂಗಿ. ಎಷ್ಟು ಹೊತ್ತಿಗಾದರೂ ಸರಿ, ಎಷ್ಟು ಜನ ನೋಡುತ್ತಿದ್ದರೂ ಸರಿ, ನಾನು ಹೊರಗೆ ಬರುತ್ತೇನೆ.